ಕ್ಯಾನ್ಸರ್ ಚಿಕಿತ್ಸೆಯ ಬಾಯಿ ಹುಣ್ಣು ಮತ್ತು ಮನೆಮದ್ದು

ಕ್ಯಾನ್ಸರ್‌ಗೆ ಕೊಡುವ ವಿಕಿರಣ ಮತ್ತು ಕೀಮೋ ಚಿಕಿತ್ಸೆಯಿಂದ ಬಾಯಿಯ ಒಳಪೊರೆ ಕೆಂಪಾಗಿ ಸುಲಿಯುತ್ತದೆ, ಹುಣ್ಣಾಗುತ್ತದೆ. ಜೊಲ್ಲು ಬತ್ತುತ್ತದೆ, ನಾಲಿಗೆಗೆ ರುಚಿ ಹತ್ತುವುದಿಲ್ಲ, ದವಡೆ ಬಿಗಿಯುತ್ತದೆ. ವೈದ್ಯರು ಇವಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ರೋಗಿಯ ಮಾತಿನಲ್ಲಿ ಮಾತ್ರ ಇದು ಒಂದೇ ದೂರು: ‘ಬಾಯಿ ಕೆಟ್ಟುಹೋಗಿದೆ, ಏನೂ ನುಂಗಕ್ಕಾಗಲ್ಲ.’ ಈ ಸಂಕಟವನ್ನು ತಗ್ಗಿಸಲು ಉಪ್ಪುನೀರು, ಜೇನು, ಅರಿಶಿನ, ತುಪ್ಪ, ಎಳನೀರು, ಗಂಜಿ ಮೊದಲಾದವನ್ನು ಮನೆಗಳಲ್ಲಿ ಬಳಸುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಆಸ್ಪತ್ರೆಯ ಪರೀಕ್ಷೆಯ ಆಧಾರವಿದೆ, ಕೆಲವು ಹಾನಿಯಿಲ್ಲದ ಉಪಚಾರಗಳು, ಇನ್ನು ಕೆಲವು ರೋಗಿಯ ಜೀವಕ್ಕೇ ತೊಂದರೆ ತರಬಲ್ಲವು. ಬೆಂಗಳೂರಿನ ಹೊರವಲಯದ ಕೈಗಾರಿಕೆ ಮತ್ತು ಐಟಿ ಪಟ್ಟಿಗಳಲ್ಲಿ, ಅಂದರೆ ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಸುತ್ತ ಬದುಕುವವರನ್ನು ಕಣ್ಣಮುಂದಿಟ್ಟುಕೊಂಡು ಈ ಲೇಖನ ಆ ಮನೆಮದ್ದುಗಳನ್ನು ಪರಿಶೀಲಿಸುತ್ತದೆ.

ಈ ಪ್ರದೇಶವನ್ನು ಆರಿಸಿಕೊಳ್ಳಲು ಕಾರಣವಿದೆ. ರಾಜ್ಯದ ಕ್ಯಾನ್ಸರ್ ರೋಗಿಗಳಲ್ಲಿ ಬಹಳಷ್ಟು ಜನ ಬಂದು ಸೇರುವುದು ಹೊಸೂರು ರಸ್ತೆಗೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಈ ರಸ್ತೆಯ ನಗರದ ತುದಿಯಲ್ಲಿದೆ. 1980ರಲ್ಲಿ ಅದಕ್ಕೆ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸ್ಥಾನ ಸಿಕ್ಕಿತು. ಅದೇ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಸಿಗುತ್ತದೆ. ಅದರ ಆವರಣದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ 2009ರಲ್ಲಿ ಶುರುವಾಯಿತು. ಹತ್ತಿರದಲ್ಲೇ ಇರುವ ಬಯೋಕಾನ್ ಕಂಪನಿ ತಲೆ-ಕತ್ತಿನ ಕ್ಯಾನ್ಸರ್‌ಗೆ ಬಳಸುವ ನಿಮೊಟುಜುಮ್ಯಾಬ್ ಔಷಧವನ್ನು ಭಾರತದಲ್ಲಿ 2006ರಲ್ಲಿ ಬಿಡುಗಡೆ ಮಾಡಿತು. ಪೂರ್ವದಲ್ಲಿ ವೈಟ್‌ಫೀಲ್ಡ್‌ನ ವೈದೇಹಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗವಿದೆ, ಅದರ ಸಂಸ್ಥೆಯದೇ ದಂತ ಕಾಲೇಜೂ ಇದೆ.

ರೋಗದ ಒಂದು ಮೂಲವೂ ಇದೇ ಪಟ್ಟಿಯ ಅಂಗಡಿಗಳಲ್ಲಿ ನೇತಾಡುತ್ತಿರುತ್ತದೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 21.4 ಜನ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬೇರೆ ಬೇರೆ ಮಾರುವುದು, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುವುದು ರೂಢಿಯಾಯಿತು. ಪಾಳಿ ಕೆಲಸದಲ್ಲಿ ನಿದ್ದೆ ತಡೆಯಲು ಖೈನಿ, ಹಸಿವು ತಡೆಯಲು ಅಡಿಕೆ ಎನ್ನುವ ಅಭ್ಯಾಸ ಬಿಡುವುದು ಸುಲಭವಲ್ಲ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಉಷ್ಣದ ಹುಣ್ಣಲ್ಲ

ಬಾಯಲ್ಲಿ ಹುಣ್ಣು ಕಂಡರೆ ‘ಉಷ್ಣ ಆಗಿದೆ’ ಎನ್ನುವುದು ನಮ್ಮ ಮನೆಗಳ ಮೊದಲ ಮಾತು. ಗಸಗಸೆ ಪಾಯಸ, ಮೆಂತ್ಯದ ನೀರು, ತುಪ್ಪ, ಗಣಿಕೆ ಸೊಪ್ಪಿನ ತಂಬುಳಿ ಎಂದು ತಂಪಿನ ಮದ್ದು ಶುರುವಾಗುತ್ತದೆ. ಸಾಮಾನ್ಯ ಬಾಯಿ ಹುಣ್ಣು ಹೇಗೂ ವಾರ, ಹತ್ತು ದಿನದಲ್ಲಿ ಮಾಯುತ್ತದೆ. ಮದ್ದಿಗೆ ಒಳ್ಳೆಯ ಹೆಸರು ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಹುಣ್ಣಿನ ಸ್ವಭಾವವೇ ಬೇರೆ. ಬಾಯಿಯ ಒಳಪೊರೆಯ ಜೀವಕೋಶಗಳು ಒಂದೆರಡು ವಾರಕ್ಕೊಮ್ಮೆ ಹೊಸದಾಗುತ್ತಿರುತ್ತವೆ. ವೇಗವಾಗಿ ಹುಟ್ಟುವ ಕೋಶಗಳನ್ನು ಹುಡುಕಿ ಹೊಡೆಯುವುದೇ ಕೀಮೋ ಮತ್ತು ವಿಕಿರಣದ ಕೆಲಸ. ಅವಕ್ಕೆ ಗೆಡ್ಡೆಯ ಕೋಶ ಯಾವುದು, ಬಾಯಿಯ ಕೋಶ ಯಾವುದು ಎಂಬ ಭೇದ ಪೂರ್ತಿ ತಿಳಿಯುವುದಿಲ್ಲ. ಹಳೆಯ ಪೊರೆ ಸವೆದು ಹೊಸದು ಬರದೇ ಹೋದಾಗ ಕೆಳಗಿನ ಹಸಿ ಮಾಂಸ ತೆರೆದುಕೊಳ್ಳುತ್ತದೆ.

ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’ ಎಂದೇ ಹೆಸರಾದ ವಿಕಿರಣ ಚಿಕಿತ್ಸೆಯನ್ನು ಬಾಯಿ, ಗಂಟಲ ಕ್ಯಾನ್ಸರ್‌ಗೆ ವಾರಕ್ಕೆ 5 ದಿನದಂತೆ 6–7 ವಾರ ಕೊಡುತ್ತಾರೆ. ದಿನಕ್ಕೆ ಸುಮಾರು 2 ಗ್ರೇ, ಒಟ್ಟು 60ರಿಂದ 70 ಗ್ರೇ. ಮೊದಲ ವಾರ ಏನೂ ಅನಿಸುವುದಿಲ್ಲ. ಎರಡನೆಯ ವಾರದ ಕೊನೆಗೆ ಕೆಂಪು, ಮೂರನೆಯ ವಾರದಲ್ಲಿ ಬಿಳಿ ಪೊರೆಯ ಹುಣ್ಣು, ಐದಾರನೆಯ ವಾರಕ್ಕೆ ಉರಿ ತುತ್ತತುದಿ ಮುಟ್ಟುತ್ತದೆ. ಚಿಕಿತ್ಸೆ ಮುಗಿದ ಮೇಲೂ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಇರುತ್ತದೆ. ಬಾಯಿ ಭಾಗಕ್ಕೆ ವಿಕಿರಣ ಪಡೆಯುವವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಇದು ಒಂದಲ್ಲ ಒಂದು ಮಟ್ಟದಲ್ಲಿ ಆಗಿಯೇ ಆಗುತ್ತದೆ. ಸ್ತನ, ಕರುಳು ಮೊದಲಾದ ಕ್ಯಾನ್ಸರ್‌ಗೆ ಕೀಮೋ ಪಡೆಯುವವರಲ್ಲಿ ಹುಣ್ಣು ಸಾಮಾನ್ಯವಾಗಿ ಔಷಧ ಹರಿಸಿದ ಒಂದು ವಾರದ ಸುಮಾರಿಗೆ ಏಳುತ್ತದೆ. ರಕ್ತದ ಬಿಳಿಕಣ ಕೆಳಗಿಳಿದಿರುವುದೂ ಅದೇ ದಿನಗಳಲ್ಲಿ. ಆ ಹುಣ್ಣಿನಲ್ಲಿ ಸೋಂಕಿನ ಅಪಾಯ ಇರುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ ಈ ಹುಣ್ಣಿಗೆ 0ಯಿಂದ 4ರವರೆಗೆ ಮಟ್ಟ ಗುರುತಿಸಿದೆ. ಎರಡನೆಯ ಮಟ್ಟದಲ್ಲಿ ರೋಗಿ ಗಟ್ಟಿ ಆಹಾರ ತಿನ್ನಬಲ್ಲ, ಮೂರರಲ್ಲಿ ದ್ರವ ಮಾತ್ರ ಇಳಿಯುತ್ತದೆ, ನಾಲ್ಕರಲ್ಲಿ ಬಾಯಿಂದ ಏನೂ ಇಳಿಯುವುದಿಲ್ಲ. ಮನೆಮದ್ದಿನಿಂದ ನಿರೀಕ್ಷಿಸಬಹುದಾದದ್ದು ಎರಡನೆಯ ಮಟ್ಟದಲ್ಲಿರುವವರು ಮೂರಕ್ಕೆ ಜಾರದಂತೆ ನೋಡಿಕೊಳ್ಳುವುದು, ಅಥವಾ ಜಾರುವುದನ್ನು ಒಂದೆರಡು ವಾರ ಮುಂದೂಡುವುದು. ಇದು ಸಣ್ಣ ಲಾಭವಲ್ಲ. ಉರಿ ತಾಳಲಾರದೆ ರೋಗಿಗಳು ‘ನಾಲ್ಕು ದಿನ ಬಿಟ್ಟು ಬರುತ್ತೇವೆ’ ಎಂದು ಕರೆಂಟ್ ನಿಲ್ಲಿಸುವುದುಂಟು. ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗೆಡ್ಡೆಯ ಮೇಲಿನ ಹಿಡಿತ ಸರಾಸರಿ ನೂರಕ್ಕೆ 1.4ರಷ್ಟು ಸಡಿಲವಾಗುತ್ತದೆ ಎಂಬ ಲೆಕ್ಕವಿದೆ. ಬಾಯಿಯನ್ನು ಸಂಬಾಳಿಸುವುದು ಎಂದರೆ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದು.

ಮುಕ್ಕಳಿಸುವ ನೀರು

ಎಲ್ಲ ಮದ್ದಿಗಿಂತ ಮೊದಲು ನಿಲ್ಲುವುದು ಅತಿ ಅಗ್ಗದ್ದು: ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಸೋಡಾ. ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ, ಊಟದ ಮುಂಚೆ ಮತ್ತು ಆಮೇಲೆ ತಪ್ಪದೆ, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಬೇಕು. ನುಂಗಬಾರದು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಇದು ಹುಣ್ಣನ್ನು ಮಾಯಿಸುವುದಿಲ್ಲ. ಸತ್ತ ಪೊರೆ ಮತ್ತು ಅಂಟು ಲೋಳೆಯನ್ನು ಸಡಿಲಿಸಿ ತೊಳೆಯುತ್ತದೆ, ಬಾಯಿಯ ಆಮ್ಲವನ್ನು ತಗ್ಗಿಸುತ್ತದೆ, ಶಿಲೀಂಧ್ರ ಕೂರಲು ಜಾಗ ಕಡಿಮೆ ಮಾಡುತ್ತದೆ. ಉಪ್ಪು ಜಾಸ್ತಿಯಾದರೆ ಒಳ್ಳೆಯದಾದೀತೆಂದು ಮುಷ್ಟಿಗಟ್ಟಲೆ ಹಾಕುವವರಿದ್ದಾರೆ, ಅದರಿಂದ ಉರಿ ಹೆಚ್ಚುತ್ತದೆ ಅಷ್ಟೆ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡುಸು, ಟ್ಯಾಂಕರ್ ನೀರಿನ ಶುಚಿ ದಿನಕ್ಕೊಂದು ಬಗೆ. ಹಾಗಾಗಿ ಕ್ಯಾನ್ ನೀರಾದರೂ ಸರಿ, ಕುದಿಸಿಯೇ ಬಳಸುವುದು ಒಳ್ಳೆಯದು.

ಈ ಕೆಲಸ ಹೇಳುವಷ್ಟು ಸಲೀಸಲ್ಲ. ಪೀಣ್ಯದ ಹತ್ತಿರ ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಒಂದು ಕೋಣೆಯ ಮನೆ, ನಾಲ್ಕು ಸಂಸಾರಕ್ಕೆ ಒಂದು ಬಚ್ಚಲು. ಬೆಳಗ್ಗೆ ನೀರು ಬಂದ ಹೊತ್ತಿನಲ್ಲಿ ಸಾಲು ನಿಂತವರ ನಡುವೆ ಬಾಯಿ ಮುಕ್ಕಳಿಸಿ ರಕ್ತದೆಳೆ ಬೆರೆತ ಲೋಳೆ ಉಗುಳಲು ರೋಗಿಗೆ ನಾಚಿಕೆ. ವೈಟ್‌ಫೀಲ್ಡ್‌ನ ಗಾಜಿನ ಕಚೇರಿಯಲ್ಲೂ ಇದೇ ನಾಚಿಕೆ. ಶೌಚಾಲಯದ ಬೇಸಿನ್ ಮುಂದೆ ಯಾರಾದರೂ ಬಂದರೆ ಬಾಟಲಿ ಬ್ಯಾಗಿಗೆ ಸೇರುತ್ತದೆ. ಮನೆಯಲ್ಲಿ ಒಂದು ಮುಚ್ಚಳದ ಡಬ್ಬಿ ಹಾಸಿಗೆ ಪಕ್ಕ ಇಟ್ಟುಕೊಟ್ಟರೆ, ಕಚೇರಿಯಲ್ಲಿ ಜೊತೆಯವರು ಏನೂ ಕೇಳದೆ ಎರಡು ನಿಮಿಷ ಬಿಟ್ಟುಕೊಟ್ಟರೆ ದಿನಕ್ಕೆ ಆರೇಳು ಸಲ ಮುಕ್ಕಳಿಸುವುದು ಸಾಧ್ಯವಾಗುತ್ತದೆ.

ಆಯುರ್ವೇದದಲ್ಲಿ ಬಾಯಿ ಮುಕ್ಕಳಿಸುವುದೇ ಒಂದು ವಿಧಿ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಇದನ್ನು ವಿವರಿಸುವ ಅಧ್ಯಾಯವಿದೆ. ದ್ರವವನ್ನು ಬಾಯಿ ತುಂಬ ಹಿಡಿದು ಅಲುಗಿಸದೆ ಇರುವುದು ಗಂಡೂಷ, ಬಾಯಲ್ಲಿ ಆಡಿಸುವುದು ಕವಲ. ಎಣ್ಣೆ, ತುಪ್ಪ, ಹಾಲು, ಜೇನು, ಕಷಾಯಗಳನ್ನು ಇದಕ್ಕೆ ಬಳಸುತ್ತಿದ್ದರು. ಇಂದು ವೈದ್ಯರು ಹೇಳುವ ಮುಕ್ಕಳಿಸುವ ಉಪಚಾರಕ್ಕೂ ಇದಕ್ಕೂ ಕ್ರಿಯೆಯಲ್ಲಿ ಅಂತರ ಕಡಿಮೆ. ಆದ್ದರಿಂದ ಹಳೆಯ ತಲೆಮಾರಿನವರಿಗೆ ‘ಮೌತ್‌ವಾಶ್’ ಎನ್ನುವ ಬದಲು ಗಂಡೂಷ, ಕವಲ ಎಂದು ಹೇಳಿದರೆ ಮನಸ್ಸಿಗೆ ಬೇಗ ಹತ್ತುತ್ತದೆ.

ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಬೆರೆತ ಮೌತ್‌ವಾಶ್ ಈ ದಿನಗಳಲ್ಲಿ ಬೇಡವೇ ಬೇಡ. ಹಲ್ಲುಜ್ಜಲು ಮಕ್ಕಳ ಮೆತ್ತನೆಯ ಬ್ರಷ್ ಸಾಕು. ಇದ್ದಿಲು, ಬೇವಿನ ಕಡ್ಡಿ, ಹಲ್ಲುಪುಡಿ ಎಲ್ಲವೂ ಒಳಪೊರೆಯನ್ನು ಕೆರೆಯುತ್ತವೆ. ವಲಸೆ ಕಾರ್ಮಿಕರ ಮನೆಗಳಲ್ಲಿ ರೂಢಿಯಿರುವ ಸಾಸಿವೆ ಎಣ್ಣೆ-ಉಪ್ಪಿನ ತಿಕ್ಕಾಟ ಮತ್ತು ಪಟಿಕದ ನೀರಿಗೂ ಇದೇ ಮಾತು.

ಜೇನು ಮತ್ತು ಅರಿಶಿನ

ನೈಸರ್ಗಿಕ ಮದ್ದುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಜೇನು. 2003ರಲ್ಲಿ ಮಲೇಷ್ಯಾದ ವೈದ್ಯರು ತಲೆ-ಕತ್ತಿನ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 40 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನಕ್ಕೆ ವಿಕಿರಣಕ್ಕೆ 15 ನಿಮಿಷ ಮುಂಚೆ, 15 ನಿಮಿಷದ ಬಳಿಕ ಮತ್ತು 6 ಗಂಟೆಯ ಬಳಿಕ 20 ಮಿಲಿಲೀಟರ್ ಶುದ್ಧ ಜೇನನ್ನು ಬಾಯಿಗೆಲ್ಲ ಸವರುವಂತೆ ಆಡಿಸಿ ನಿಧಾನ ನುಂಗಲು ಕೊಟ್ಟರು. ಜೇನು ಪಡೆಯದವರಲ್ಲಿ ನೂರಕ್ಕೆ 75 ಜನಕ್ಕೆ ತೀವ್ರ ಹುಣ್ಣಾದರೆ, ಪಡೆದವರಲ್ಲಿ ನೂರಕ್ಕೆ 20 ಜನಕ್ಕೆ ಮಾತ್ರ ಆಯಿತು. ಆಮೇಲೆ ಬೇರೆ ದೇಶಗಳಲ್ಲೂ ಇಂಥ ಅಧ್ಯಯನಗಳು ನಡೆದವು. ಎಲ್ಲವೂ ಒಂದೇ ಮಾತು ಹೇಳಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 131 ರೋಗಿಗಳಿಗೆ ದುಬಾರಿ ಮನುಕಾ ಜೇನನ್ನೂ ಸಕ್ಕರೆ ಪಾಕವನ್ನೂ ಕೊಟ್ಟು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಎಲ್ಲವನ್ನೂ ತೂಗಿ ನೋಡಿದ ಅಂತರರಾಷ್ಟ್ರೀಯ ತಜ್ಞರ ಮಂಡಳಿ 2020ರ ಮಾರ್ಗಸೂಚಿಯಲ್ಲಿ ತಲೆ-ಕತ್ತಿನ ವಿಕಿರಣದವರಿಗೆ ಜೇನನ್ನು ಸೂಚಿಸಬಹುದು ಎಂದಿತು. ಅದು ‘ಕಡ್ಡಾಯ’ ಎನ್ನುವ ಶಿಫಾರಸಲ್ಲ, ‘ಬಳಸಿ ನೋಡಬಹುದು’ ಎಂಬಷ್ಟರ ಮಟ್ಟಿನದು.

ಜೇನಿನ ವಿಷಯದಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು ಶುದ್ಧತೆ. ದೇಶದ ಹಲವು ಬ್ರ್ಯಾಂಡ್‌ಗಳ ಜೇನಿನಲ್ಲಿ ಸಕ್ಕರೆ ಪಾಕದ ಕಲಬೆರಕೆ ಇದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಬಯಲು ಮಾಡಿತ್ತು. ಬೆರಳಿಗೆ ಹಚ್ಚಿ ನೋಡುವುದು, ನೀರಿಗೆ ಬಿಟ್ಟು ನೋಡುವುದು ಇತ್ಯಾದಿ ಮನೆ ಪರೀಕ್ಷೆಗಳಿಂದ ಈ ಕಲಬೆರಕೆ ತಿಳಿಯುವುದಿಲ್ಲ. ಎರಡನೆಯದು ಸಕ್ಕರೆ ಕಾಯಿಲೆ. 20 ಮಿಲಿಯಂತೆ ದಿನಕ್ಕೆ ಮೂರು ಸಲ ಜೇನು ನುಂಗಿದರೆ ಮಧುಮೇಹಿಯ ಲೆಕ್ಕ ತಪ್ಪುತ್ತದೆ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಜೊಲ್ಲು ಬತ್ತಿದ ಬಾಯಲ್ಲಿ ಸಿಹಿ ಅಂಟಿ ಕೂತರೆ ಹಲ್ಲು ಬೇಗ ಹುಳುಕಾಗುತ್ತದೆ. ಜೇನು ಸವಿದು ಅರ್ಧ ಗಂಟೆ ಬಿಟ್ಟು ಸೋಡಾ ನೀರಿನಲ್ಲಿ ಮುಕ್ಕಳಿಸಿದರೆ ಇದನ್ನು ತಡೆಯಬಹುದು. ಕೀಮೋದಿಂದ ಬಿಳಿಕಣ ತೀರ ಇಳಿದಿರುವವರು ಕಾಡಿನಿಂದ ತಂದ ಹಸಿ ಜೇನು ಮುಟ್ಟಬಾರದು.

ಅರಿಶಿನದ ಪರೀಕ್ಷೆ ನಮ್ಮ ರಾಜ್ಯದಲ್ಲೇ ನಡೆದಿದೆ. ಮಂಗಳೂರಿನ ವೈದ್ಯರ ತಂಡವೊಂದು ತಲೆ-ಕತ್ತಿನ ಕ್ಯಾನ್ಸರ್‌ನ 80 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಸ್ಪತ್ರೆಯ ರೂಢಿಯ ಪೊವಿಡೋನ್ ಅಯೋಡಿನ್ ದ್ರಾವಣ, ಇನ್ನೊಂದಕ್ಕೆ ಅರಿಶಿನದ ನೀರನ್ನು ದಿನಕ್ಕೆ ಆರು ಸಲ ಮುಕ್ಕಳಿಸಲು ಕೊಟ್ಟಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅರಿಶಿನದವರಲ್ಲಿ ಹುಣ್ಣು ತಡವಾಗಿ ಬಂತು, ತೀವ್ರ ಹುಣ್ಣು ಕಡಿಮೆ ಇತ್ತು, ತೂಕ ಅಷ್ಟಾಗಿ ಇಳಿಯಲಿಲ್ಲ, ಚಿಕಿತ್ಸೆಯ ಮೊದಲ ಅರ್ಧದಲ್ಲಿ ವಿಕಿರಣ ನಿಲ್ಲಿಸಬೇಕಾದ ಸಂದರ್ಭಗಳೂ ಕಡಿಮೆಯಾದವು. ಅಂತರರಾಷ್ಟ್ರೀಯ ಮಂಡಳಿ ತನ್ನ 2020ರ ಮಾರ್ಗಸೂಚಿಯಲ್ಲಿ ಅರಿಶಿನದ ಬಗ್ಗೆ ತೀರ್ಪು ಕೊಡಲಿಲ್ಲ. ಅಧ್ಯಯನಗಳು ಚಿಕ್ಕವು, ಬಳಸಿದ ರೂಪಗಳೂ ಬೇರೆ ಬೇರೆ. ಆದರೂ ಅಡುಗೆಮನೆಯ ಒಂದು ಚಿಟಿಕೆ ಪುಡಿಯನ್ನು ಆಸ್ಪತ್ರೆಯ ಶಿಸ್ತಿಗೆ ಒಳಪಡಿಸಿ ನೋಡಿದ ಮಂಗಳೂರಿನ ಈ ಪ್ರಯತ್ನ, ಅರಿಶಿನದ ಮಹಿಮೆಯನ್ನು ಬಾಯಲ್ಲೇ ಹೊಗಳುವ ನೂರು ಮಾತಿಗಿಂತ ದೊಡ್ಡದು.

ಬಳಸುವವರು ಬಿಡಿ ಪುಡಿಗಿಂತ ಅರಿಶಿನದ ಕೊಂಬನ್ನು ಮನೆಯಲ್ಲೇ ಕುಟ್ಟಿ, ಬಟ್ಟೆಯಲ್ಲಿ ಜಾಲಿಸಿದ ನಯವಾದ ಪುಡಿ ತೆಗೆದುಕೊಳ್ಳುವುದು ಒಳ್ಳೆಯದು. ಬಿಡಿ ಪುಡಿಗೆ ಬಣ್ಣ ಕಟ್ಟಲು ಸೀಸದ ಕ್ರೋಮೇಟ್ ಬೆರೆಸುವುದುಂಟು. ಅರ್ಧ ಲೋಟಕ್ಕಿಂತ ಕಡಿಮೆ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಿಟಿಕೆ ಸಾಕು. ಹಲ್ಲು, ಬಟ್ಟೆ ಹಳದಿಯಾಗುತ್ತವೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಮುಕ್ಕಳಿಸಿ ಉಗುಳುವ ಅರಿಶಿನವೇ ಬೇರೆ, ಔಷಧಿ ಅಂಗಡಿಯ ಕರ್ಕ್ಯುಮಿನ್ ಮಾತ್ರೆಯೇ ಬೇರೆ. ಮಾತ್ರೆ ರಕ್ತ ತೆಳುವಾಗಿಸುವ ಔಷಧಗಳ ಜೊತೆ ಸೇರಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು, ಯಕೃತ್ತಿಗೆ ಪೆಟ್ಟು ಕೊಟ್ಟ ಉದಾಹರಣೆಗಳೂ ಇವೆ. ವೈದ್ಯರಿಗೆ ಹೇಳದೆ ನುಂಗಬಾರದು.

ಉಳಿದ ಗಿಡಮೂಲಿಕೆಗಳ ಮಾತು ಚಿಕ್ಕದು. ಜ್ಯೇಷ್ಠಮಧುವನ್ನು ಜೇನಿನೊಂದಿಗೆ ಲೇಪಿಸುವ ಪ್ರಯೋಗವನ್ನು ಗುಜರಾತಿನ ಜಾಮನಗರದ ಆಯುರ್ವೇದ ವೈದ್ಯರು ನಡೆಸಿ 2011ರಲ್ಲಿ ಒಳ್ಳೆಯ ಫಲ ವರದಿ ಮಾಡಿದರು. ಅದನ್ನು ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಲೋಳೆಸರ ಬಾಯಿಗೆ ತಂಪು ಅನಿಸುವುದು ನಿಜ, ಆದರೆ 2004ರಲ್ಲಿ ಅಮೆರಿಕದಲ್ಲಿ 58 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಹುಣ್ಣು ಕಡಿಮೆಯಾಗಲಿಲ್ಲ. ಗಣಿಕೆ ಸೊಪ್ಪನ್ನು ಬೇಯಿಸಿ ಖಾರವಿಲ್ಲದ ತಂಬುಳಿ ಮಾಡಿದರೆ ಅದು ಒಳ್ಳೆಯ ಊಟ. ಅದರ ಹಸಿ ಕಾಯಿ ಮಾತ್ರ ವಿಷ. ಲವಂಗದ ಎಣ್ಣೆ ಹುಣ್ಣಿನ ಮೇಲೆ ಬಿದ್ದರೆ ಸುಡುತ್ತದೆ.

ಐಸ್ ತುಂಡಿನ ಉಪಾಯ ಇವೆಲ್ಲಕ್ಕಿಂತ ಗಟ್ಟಿಯಾದ ಆಧಾರವುಳ್ಳದ್ದು, ಆದರೆ ಎಲ್ಲರಿಗೂ ಅಲ್ಲ. 5-ಎಫ್‌ಯು ಎಂಬ ಕೀಮೋ ಔಷಧವನ್ನು ಒಂದೇ ಸಲಕ್ಕೆ ನರಕ್ಕೆ ತಳ್ಳುವಾಗ ಅರ್ಧ ಗಂಟೆ ಐಸ್ ಚೀಪುತ್ತಿದ್ದರೆ ಬಾಯಿಯ ರಕ್ತನಾಳಗಳು ಮುದುಡಿ ಔಷಧ ಅಲ್ಲಿಗೆ ಕಡಿಮೆ ತಲುಪುತ್ತದೆ. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಣ್ಣನೆಯದು ತಾಕಿದರೆ ಗಂಟಲು ಹಿಡಿದಂತಾಗುವುದರಿಂದ ಅವರಿಗೆ ಇದು ಸಲ್ಲದು. ಯಾವ ಔಷಧ ಹರಿಯುತ್ತಿದೆ ಎಂದು ದಾದಿಯರನ್ನು ಕೇಳಿಯೇ ಬಾಯಿಗೆ ಹಾಕಿಕೊಳ್ಳಬೇಕು.

ಊಟ, ನಂಜು, ತೂಕ

ಹುಣ್ಣಿನ ಬಾಯಿಗೆ ನಮ್ಮ ಅಡುಗೆ ಹೊಂದುವುದಿಲ್ಲ. ಸಾರಿನ ಹುಣಸೆ, ಹುಳಿಯ ಮೆಣಸಿನಕಾಯಿ, ಒಗ್ಗರಣೆಯ ಸಾಸಿವೆ ಒಂದೊಂದೂ ಉರಿಸುತ್ತದೆ. ದರ್ಶಿನಿ ಮತ್ತು ಕ್ಯಾಂಟೀನಿನಲ್ಲಿ ಖಾರವಿಲ್ಲದ್ದು ಎಂದು ಕೇಳಿದರೆ ಇಡ್ಲಿ ಒಂದೇ ಸಿಗುವುದು, ಅದೂ ಚಟ್ನಿಯಿಲ್ಲದೆ ಗಂಟಲಿಗಿಳಿಯುವುದಿಲ್ಲ. ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗಂತೂ ಅಡುಗೆ ಒಲೆಯೇ ಇರುವುದಿಲ್ಲ.

ಆದರೆ ಇದೇ ನಾಡಿನ ಮಕ್ಕಳ ಊಟ, ಬಾಣಂತಿಯ ಊಟ, ಜ್ವರದ ಊಟ ಈ ಬಾಯಿಗೆಂದೇ ಮಾಡಿದಂತಿವೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಮಾಡಿದ ಹಿಟ್ಟಿನ ಸರಿ ಅಂಟಂಟಾಗದೆ ತೆಳುವಾಗಿ ಇಳಿಯುತ್ತದೆ, ಏಕೆಂದರೆ ಮೊಳಕೆಯಲ್ಲಿ ಪಿಷ್ಟ ಒಡೆದಿರುತ್ತದೆ. ಅದಕ್ಕೆ ಹಾಲು, ಚಮಚ ತುಪ್ಪ ಬೆರೆಸಿದರೆ ಶಕ್ತಿ ಹೆಚ್ಚು. ಹೆಸರುಬೇಳೆ ಮತ್ತು ಅಕ್ಕಿಯನ್ನು ಕರಗುವಂತೆ ಬೇಯಿಸಿದ ಪೊಂಗಲ್‌ಗೆ ಮೆಣಸು ಹಾಕದಿದ್ದರಾಯಿತು. ಸಬ್ಬಕ್ಕಿ ಗಂಜಿ, ಹುಳಿಯಿಲ್ಲದ ಮೊಸರಿನಲ್ಲಿ ಕಿವುಚಿದ ಅನ್ನ, ಬಾಳೆಹಣ್ಣಿನ ರಸಾಯನ, ಬೇಯಿಸಿ ಹಿಸುಕಿದ ಕುಂಬಳಕಾಯಿ, ಮೃದುವಾಗಿ ಬೆಂದ ಮೊಟ್ಟೆ, ಸೋಸಿದ ಕೋಳಿ ಸಾರು ಎಲ್ಲವೂ ಆಗುತ್ತವೆ. ಬಿಸಿ ಆರಿ ಕೋಣೆಯ ತಾಪಕ್ಕೆ ಬಂದ ಮೇಲೆ ಉಣ್ಣಬೇಕು. ಸ್ಟೀಲ್ ಲೋಟದ ಅಂಚು ತುಟಿಗೆ ತಾಕಿದರೇ ಜೀವ ಹೋದಂತಾಗುವ ದಿನಗಳಿರುತ್ತವೆ. ಕೀಮೋದಿಂದ ಬಾಯಲ್ಲಿ ಲೋಹದ ರುಚಿ ಇದ್ದವರಿಗೆ ಸ್ಟೀಲ್ ಚಮಚ ಇನ್ನಷ್ಟು ಕಹಿ. ಒಂದು ಪ್ಲಾಸ್ಟಿಕ್ ಅಥವಾ ಮರದ ಚಮಚ, ದಪ್ಪ ಸ್ಟ್ರಾ ಇಟ್ಟುಕೊಟ್ಟರೆ ಕೆಲವರು ಅರ್ಧ ಬಟ್ಟಲು ಹೆಚ್ಚು ಕುಡಿಯುತ್ತಾರೆ.

ಈ ಹೊತ್ತಿನಲ್ಲಿ ಮನೆಯವರ ಪ್ರೀತಿಯೇ ಒಂದು ತಪ್ಪು ಮಾಡಿಸುತ್ತದೆ. ಗಾಯವಿದ್ದಾಗ ಮೊಟ್ಟೆ, ಮಾಂಸ, ಬದನೆ, ಕೆಲವು ಬೇಳೆಗಳು ‘ನಂಜು’ ಎಂದು ಹಿರಿಯರು ತಡೆಯುತ್ತಾರೆ. ಪಥ್ಯದ ಹೆಸರಿನಲ್ಲಿ ರೋಗಿಗೆ ಬರಿಯ ಗಂಜಿ ತಿಳಿ ಉಳಿಯುತ್ತದೆ. ಕಿತ್ತುಹೋದ ಪೊರೆ ಮತ್ತೆ ಕಟ್ಟಿಕೊಳ್ಳಲು ಬೇಕಾದ ಪ್ರೋಟೀನ್ ಆ ತಿಳಿಯಲ್ಲಿಲ್ಲ. ನಂಜಿನ ಭಯದಿಂದ ರೋಗಿಯನ್ನು ಉಪವಾಸ ಕೆಡಹುವುದು ಈ ಲೇಖಕನ ಅಭಿಪ್ರಾಯದಲ್ಲಿ ಯಾವ ಕೆಟ್ಟ ಮದ್ದಿಗಿಂತಲೂ ಹೆಚ್ಚಿನ ಹಾನಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು. ತೂಕ ಇಳಿಯುತ್ತಲೇ ಇದ್ದರೆ ಮೂಗಿನ ನಳಿಕೆ ಹಾಕಿಸಿಕೊಳ್ಳಲು ಹಿಂಜರಿಯಬಾರದು. ನಳಿಕೆ ಹಾಕಿದರೆಂದರೆ ಕೊನೆಗಾಲ ಬಂತು ಎಂದು ಅನೇಕರು ಅಳುತ್ತಾರೆ. ಹುಣ್ಣು ಮಾಯ್ದ ಮೇಲೆ ಅದನ್ನು ತೆಗೆಯುತ್ತಾರೆ.

ಪೀಣ್ಯದಿಂದ ಬೊಮ್ಮಸಂದ್ರಕ್ಕೆ ದಿನವೂ ಹೋಗಿ ಬರುವವರಿಗೆ ಈಗ ಹಸಿರು ಮಾರ್ಗದ ಮೆಟ್ರೋ ಹತ್ತಿ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸುವ ಅನುಕೂಲ 2025ರ ಆಗಸ್ಟ್‌ನಿಂದ ಇದೆ. ಆದರೂ ಮನೆ ಬಿಟ್ಟು ಮನೆ ಸೇರಲು ಅರ್ಧ ದಿನ ಬೇಕು. ಒಂದು ಫ್ಲಾಸ್ಕಿನಲ್ಲಿ ಸರಿ, ಒಂದು ಬಾಟಲಿಯಲ್ಲಿ ಮುಕ್ಕಳಿಸುವ ನೀರು, ಇನ್ನೊಂದರಲ್ಲಿ ಕುಡಿಯುವ ನೀರು ಜೊತೆಗಿದ್ದರೆ ಒಂದು ಹೊತ್ತಿನ ಊಟ ತಪ್ಪುವುದಿಲ್ಲ.

ಒಣಬಾಯಿ, ರುಚಿ, ದವಡೆ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ವಿಕಿರಣ ಜೊಲ್ಲಿನ ಗ್ರಂಥಿಗಳ ಮೇಲೆ ಹಾದರೆ ಇದು ಕುಗ್ಗಿ, ಉಳಿದದ್ದು ಗೋಂದಿನಂತೆ ಅಂಟಾಗುತ್ತದೆ. ಹುಣ್ಣು ಮಾಯ್ದರೂ ಒಣಬಾಯಿ ತಿಂಗಳುಗಟ್ಟಲೆ, ಕೆಲವರಿಗೆ ಬದುಕಿರುವಷ್ಟು ಕಾಲ ಉಳಿಯುತ್ತದೆ. ಎಸಿ ಕೊಠಡಿಯಲ್ಲಿ ಕೂತು ಇಡೀ ದಿನ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಮರಳಿದವರಿಗೆ ಇದು ದೊಡ್ಡ ಹಿಂಸೆ. ಹತ್ತು ನಿಮಿಷಕ್ಕೊಂದು ಗುಟುಕು ನೀರು, ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಮಲಗುವ ಮುಂಚೆ ನಾಲಿಗೆ ಮತ್ತು ಕೆನ್ನೆಯ ಒಳಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಅಥವಾ ತುಪ್ಪ ಸವರುವುದು ನೆರವಾಗುತ್ತವೆ. ನೆಲ್ಲಿಕಾಯಿ ಚೂರು ಜೊಲ್ಲು ಊರಿಸುತ್ತದೆ, ಆದರೆ ಹುಣ್ಣು ಪೂರ್ತಿ ಮಾಯ್ದ ಮೇಲಷ್ಟೇ, ಅದೂ ಅಪರೂಪಕ್ಕೆ. ಜೊಲ್ಲಿನ ರಕ್ಷಣೆ ಇಲ್ಲದ ಹಲ್ಲಿಗೆ ಹುಳಿ ಶತ್ರು. ವಿಕಿರಣ ಪಡೆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವಿದೆ. ಅದಕ್ಕೇ ಕೀಳಬೇಕಾದ ಹಲ್ಲನ್ನು ಚಿಕಿತ್ಸೆಗೆ ಎರಡು ಮೂರು ವಾರ ಮುಂಚೆಯೇ ಕೀಳಿಸಿ, ಉಳಿದವಕ್ಕೆ ಫ್ಲೋರೈಡ್ ಹಚ್ಚಿಸಬೇಕು. ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಈ ತಪಾಸಣೆ ಆಗುತ್ತದೆ.

ರುಚಿ ತಿಂಗಳುಗಳ ಮೇಲೆ ನಿಧಾನವಾಗಿ ಮರಳುತ್ತದೆ, ಅದಕ್ಕೆ ಮದ್ದಿಲ್ಲ.

ಗುಟ್ಕಾ ತಿಂದು ಮೊದಲೇ ಬಾಯಿ ಬಿಗಿದವರಿಗೆ ವಿಕಿರಣದ ಬಳಿಕ ದವಡೆ ಇನ್ನಷ್ಟು ಬಿಗಿಯುತ್ತದೆ. ತಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುತ್ತವೆಯೇ ಎಂದು ದಿನವೂ ನೋಡಿಕೊಳ್ಳಬೇಕು. ಐಸ್‌ಕ್ರೀಮಿನ ಚಪ್ಪಟೆ ಮರದ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರಕ್ಕೊಂದು ಕಡ್ಡಿ ಹೆಚ್ಚಿಸುತ್ತ ಹೋಗುವ ವ್ಯಾಯಾಮಕ್ಕೆ ಖರ್ಚೇ ಇಲ್ಲ. ಚಿಕಿತ್ಸೆಯ ಮೊದಲ ದಿನದಿಂದ ಶುರು ಮಾಡಿದವರಿಗೆ ಇದರ ಫಲ ಹೆಚ್ಚು.

ದೂರ ಇಡಬೇಕಾದವು

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯಿದೆ, ಬೆಂಗಳೂರಿನವರಿಗೆ ಅದು ಹೆಮ್ಮೆಯ ಹಣ್ಣು. ಅದರ ಹುಳಿ ಹುಣ್ಣನ್ನು ಉರಿಸುವುದು ಒಂದು ಕಡೆ. ಅದೇ ಜಾತಿಯ ಹಣ್ಣುಗಳು ಕರುಳಿನ ಕಿಣ್ವಗಳನ್ನು ತಡೆದು ಕೆಲವು ಕ್ಯಾನ್ಸರ್ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡಬಲ್ಲವು ಎಂಬುದು ಇನ್ನೊಂದು ಕಡೆ. ಅಮೃತಬಳ್ಳಿಯ ಕಷಾಯ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ದಾಖಲಿಸಿದ್ದಾರೆ. ಲಕ್ಷ್ಮಣ ಫಲ ಕ್ಯಾನ್ಸರ್ ವಾಸಿ ಮಾಡುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಸಂದೇಶಕ್ಕೆ ಮನುಷ್ಯರ ಮೇಲಿನ ಪರೀಕ್ಷೆಯ ಆಧಾರವಿಲ್ಲ. ಸಾಗರ ತಾಲ್ಲೂಕಿನ ನರಸೀಪುರದ ನಾಟಿ ಔಷಧಿಗಾಗಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ಸಾಲು ನಿಂತು ಬಂದವರು ಬಹಳ ಮಂದಿ. ಅವರ ಆಸೆಯನ್ನು ಅಲ್ಲಗಳೆಯಲಾಗದು. ಯಾವ ತೊಗಟೆ, ಯಾವ ಕಷಾಯವೇ ಇರಲಿ, ಅದನ್ನು ಕರೆಂಟ್ ಕೊಡುವ ವೈದ್ಯರಿಂದ ಬಚ್ಚಿಡಬಾರದು ಎಂಬುದೊಂದೇ ಬೇಡಿಕೆ. ವೈದ್ಯರೂ ಬೈಯದೆ ಕೇಳಿಸಿಕೊಂಡರೆ ರೋಗಿ ಬಚ್ಚಿಡುವುದಿಲ್ಲ.

ಕೆನ್ನೆಯ ಒಳಗೆ ಮೊಸರಿನಂತೆ ಬಿಳಿ ಪದರ ಕಟ್ಟಿದ್ದರೆ ಅದು ಶಿಲೀಂಧ್ರದ ಸೋಂಕು ಆಗಿರಬಹುದು. ಅದಕ್ಕೆ ಜೇನು, ಅರಿಶಿನ ಸಾಲದು, ಔಷಧ ಬೇಕು.

ನೋವು, ರಜೆ, ಆಸರೆ

ಮೂರನೆಯ ಮಟ್ಟ ತಲುಪಿದ ಹುಣ್ಣಿನ ನೋವಿಗೆ ಮನೆಮದ್ದು ಎದುರು ನಿಲ್ಲುವುದಿಲ್ಲ. ಬೆಂಜಿಡಮಿನ್ ಮುಕ್ಕಳಿಸುವ ದ್ರಾವಣ, ಮರಗಟ್ಟಿಸುವ ಜೆಲ್, ಬಾಯೊಳಗೆ ಹಾಯಿಸುವ ಕೆಂಪು ಬೆಳಕಿನ ಲೇಸರ್, ಕೊನೆಗೆ ಮಾರ್ಫಿನ್ ಇವೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವ ದಾರಿ ಸರಳವಾಗಿದೆ. ನೋವಿಗೆ ವೈದ್ಯರು ಕೊಟ್ಟ ಮಾರ್ಫಿನ್ ಚಟವಾಗಿಬಿಡುತ್ತದೆ ಎಂದು ಹೆದರಿ ಹಲ್ಲುಕಚ್ಚಿ ಕೂರಬೇಕಿಲ್ಲ. ನೋವು ಇಳಿದ ಅರ್ಧ ಗಂಟೆಯಲ್ಲಿ ರೋಗಿ ಒಂದು ಬಟ್ಟಲು ಗಂಜಿ ಕುಡಿಯುತ್ತಾನೆ. ಚಿಕಿತ್ಸೆ ಇನ್ನು ಫಲಿಸದು ಎಂಬ ಹಂತದವರಿಗೆ ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿ ಗೇಟ್ ಬಳಿ ಕರುಣಾಶ್ರಯವಿದೆ. 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ 1999ರಲ್ಲಿ ಆಶ್ರಯಧಾಮವಾಗಿ ತೆರೆದ ಈ ಸಂಸ್ಥೆ ಯಾರಿಂದಲೂ ಹಣ ಕೇಳುವುದಿಲ್ಲ.

ಕಾರ್ಖಾನೆ ಕೆಲಸಗಾರರಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಹಕ್ಕಿದೆ. ಇಎಸ್‌ಐ ವಿಮೆಯಲ್ಲಿರುವವರು ನಿಗದಿತ ಕಾಲ ವಂತಿಗೆ ಕಟ್ಟಿದ್ದರೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಸಂಬಳದ ನೂರಕ್ಕೆ 80ರಷ್ಟು ಭತ್ಯೆಯನ್ನು ಎರಡು ವರ್ಷದವರೆಗೆ ಪಡೆಯಬಹುದು. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಹುಣ್ಣಿನ ಬಾಯಲ್ಲಿ ಲೇತ್ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವುದಕ್ಕಿಂತ ಇಎಸ್‌ಐ ಭತ್ಯೆಯ ಅರ್ಜಿ ತುಂಬುವುದು ಮೇಲು.

ಕೊನೆಯದಾಗಿ ಮನೆಯಲ್ಲಿ ನೋಡಿಕೊಳ್ಳುವವರಿಗೆ: ಕೀಮೋ ನಡೆಯುತ್ತಿರುವಾಗ ಬಾಯಿ ಹುಣ್ಣಿನ ಜೊತೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ, ಬಾಯಿಂದ ರಕ್ತ ನಿಲ್ಲದಿದ್ದರೆ, ಅಥವಾ ಒಂದು ದಿನವಿಡೀ ನೀರೂ ಇಳಿಯದಿದ್ದರೆ ಯಾವ ಮದ್ದನ್ನೂ ಅರೆಯುತ್ತ ಕೂರಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.